ಊಟ ಇಲ್ಲದ ದಿವಸ

ಲಾಲ್‌ಬಾಗ್, ಮುಂಬಯಿ
೧೨–೧೨–೧೯೬೪

ಕುಂದಾಪುರದ ಡಾಕ್ಟರ್ ಸಾಹೇಬರಿಗೆ ವಂಡ್ಸೆಯ ಭೋಜ ಶೆಟ್ಟಿಯ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಹೋಟೆಲಿನವನಿಗೆ ಬೇರೆ ರೀತಿ ಮಾತು ಶುರು ಮಾಡಲು ಬರುವುದಿಲ್ಲ. ಅರ್ಜೆಂಟು ದರದಲ್ಲಿ ತಂತಿ ಎರಡು. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಕುಂದಾಪುರಕ್ಕೆ ಬಸ್ಸು, ಹೋಗಿ ಬರಲು. ನರಕ್ಕೆ ಏರಿಸಿದ ಉಪ್ಪುನೀರಿನ ಬಾಟಲಿಗಳು, ಸೂಜಿಮದ್ದು, ನಿಮ್ಮ ಕಾರಿನ ಪೆಟ್ರೋಲು. ನಿಮ್ಮ ಫೀಸನ್ನು ನೀವು ಮುಟ್ಟಲಿಲ್ಲ. ಅದನ್ನು ನಾನು ಕೊಡಬೇಕಾದ ಕಡೆಗೆ ಬರೆದಿಟ್ಟಿದ್ದೇನೆ. ಎಲ್ಲ ಸೇರಿ ನಾನೂರು ರೂಪಾಯಿಯ ಆಚೆ ಈಚೆ. ಇನ್ನು ರೂಪಾಯಿಗೆ ಸಿಕ್ಕದ ಬಾಬತ್ತು: ಕೂಡಿಬಂದಿದ್ದ ಒಂದು ಸಂಬಂಧ ಹೋಯಿತು. ನನ್ನ ತಂಗಿಯ ಧೈರ್ಯ ಹೋಯಿತು. ಒಲೆಯ ಮೇಲೆ ಹಾಲು ಉಕ್ಕಿದರೂ ಈಗ ಬೆಚ್ಚಿಬೀಳುತ್ತಾಳೆ. ದೇವಿಗೆ ಹೇಳಿಕೊಂಡ ಒಂಬತ್ತು ದಿನಗಳಲ್ಲಿ ಐದು ಬಾಕಿಬಿದ್ದವು. ಇನ್ನೊಂದು ಬಾಬತ್ತು ಉಳಿದಿದೆ, ಅದನ್ನು ಕಡೆಯ ಹಾಳೆಗೆ ಇಟ್ಟಿದ್ದೇನೆ.

ಆ ದಿನ ನಿಮ್ಮ ಜಗಲಿಯಲ್ಲಿ ನೀವು ಕೇಳಿದಿರಿ, “ಶೆಟ್ಟರೇ, ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು?” ಎಂದು. ಈಗ ಹೇಳುತ್ತೇನೆ. ನೀವು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ತಂಗಿ ರಾಜೀವಿ ಕೇಳಿಸಿಕೊಂಡದ್ದರಲ್ಲಿಯೂ ತಪ್ಪಿರಲಿಲ್ಲ. ಎರಡು ಸರಿಗಳ ನಡುವೆ ಅವಳ ಮಗಳು ಕುಸುಮಾವತಿ ಬಿದ್ದಳು. ಹೇಗೆ ಬಿದ್ದಳೆಂದು ನೀವೇ ಕಾಣಲಿ ಎಂದು ನಾನು ಬರೆದವನ್ನೂ ಊರಿಂದ ತರಿಸಿಕೊಂಡು, ನಮ್ಮ ಮೂವರ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಕಳಿಸಿದ್ದೇನೆ. ಮನೆಯ ಮಾತು ಎಂದು ಯಾವುದನ್ನೂ ತೆಗೆದಿಟ್ಟಿಲ್ಲ. ಓದಿದ ಮೇಲೆ ಹಿಂದಕ್ಕೆ ಕಳಿಸಿಕೊಡಿ.

ಭೋಜ ಶೆಟ್ಟಿ

*

ವಂಡ್ಸೆ
೧೨–೮–೧೯೬೪

ಅಣ್ಣಯ್ಯನಿಗೆ ರಾಜೀವಿಯ ನಮಸ್ಕಾರ.

ಊರಿಗೆ ಬಂದ ನಿನ್ನ ಹೋಟೆಲಿನ ಕರಿಯನ ಕೈಯಲ್ಲಿ ಕಳಿಸಿದ ಮೂರು ಬಾಟಲಿ ಮದ್ದು ಒಡೆಯದೆ ಬಂತು. ಹಿಂದಿನ ಹಾಗೆಯೇ ಹೊಳೆಯ ಒದ್ದೆ ಹೊಯ್ಗೆ ತುಂಬಿದ ಮಡಕೆಯಲ್ಲಿ ಹೂತಿಟ್ಟಿದ್ದೇನೆ. ಈ ಮಳೆಯಲ್ಲಿ ಮಡಕೆಯೇ ತಣ್ಣಗೆ ಕೊರೆಯುತ್ತದೆ, ಮದ್ದಿನ ಚಿಂತೆ ಇಲ್ಲ.

ಚಿಂತೆ ಬೇರೆ. ಕೊಕ್ಕರ್ಣೆಯಿಂದ ಒಂದು ಸಂಬಂಧ ಬಂದಿದೆ. ಗದ್ದೆ ಇದೆ, ಹುಡುಗನಿಗೆ ಬ್ರಹ್ಮಾವರದಲ್ಲಿ ಅಕ್ಕಿಮಿಲ್ಲಿನಲ್ಲಿ ಪಾಲು ಇದೆ. ನಮ್ಮ ನೆರೆಮನೆಯ ಜಲಜಕ್ಕನ ಮೂಲಕ ಮಾತು. ವಿಜಯದಶಮಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತಾರಂತೆ. ಕುಸುಮನಿಗೆ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ತೊಡೆಗೆ ಸೂಜಿ ಚುಚ್ಚಿಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿಲ್ಲ. ನಾನು ಹೇಗೆ ಹೇಳಲಿ? ಹೇಳದೆ ಹೇಗೆ ಕೊಡಲಿ? ನಿನ್ನ ಭಾವ ತೀರಿಕೊಂಡ ಮೇಲೆ ನನಗೆ ಕೇಳಲು ನೀನು, ಹೇಳಲು ಕೊಲ್ಲೂರಮ್ಮ, ಇಬ್ಬರೇ.

ಅದಕ್ಕೆ ಅಮ್ಮನಿಗೆ ಹರಕೆ ಹೇಳಿಕೊಂಡೆ. ಈಗ ಬರುವ ಸೋಣೆ ತಿಂಗಳ ಶನಿವಾರಗಳಲ್ಲಿ, ನವರಾತ್ರಿಯ ಒಂಬತ್ತೂ ದಿನ, ಕುಸುಮ ಉಪವಾಸ ಮಾಡುತ್ತಾಳೆ, ಈ ಸೂಜಿಯೊಂದನ್ನು ಬಿಡಿಸಿಕೊಡು ತಾಯಿ ಎಂದು. ಕುಸುಮನನ್ನು ಕೇಳಿದೆ. “ಉಪಾಸ ನಾ ಮಾಡ್ತೆ ಅಬ್ಬಿ. ದಿನಾ ಚುಚ್ಚಿಕೊಂಬುದಕ್ಕಿಂತ ಅದೆಂತ ಕಷ್ಟ?” ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ನೀನು ಬೈಯುತ್ತೀ ಎಂದು ಗೊತ್ತು. ಬೈದು ಆದಮೇಲೆ ಒಂದು ಒಳ್ಳೆಯ ಮಾತು ಬರೆ.

ರಾಜೀವಿ

*

ಲಾಲ್‌ಬಾಗ್
೨೦–೮–೧೯೬೪

ರಾಜೀವಿ,

ಉಪವಾಸದ ಸಂಗತಿ ಹೋಟೆಲಿನವನ ಹತ್ತಿರ ಹೇಳಬೇಡ. ಇಲ್ಲಿ ಏಕಾದಶಿ ಬಂತೆಂದರೆ ಸಾಬಕ್ಕಿ ಖಿಚಡಿಗೆ ಎರಡು ಒಲೆ ಜಾಸ್ತಿ ಹಚ್ಚಬೇಕು, ಗಲ್ಲಾಪೆಟ್ಟಿಗೆಯ ಬಾಯಿ ಮುಚ್ಚುವುದಿಲ್ಲ. ಮುಂಬಯಿಯ ಜನ ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಉಪವಾಸದ ದಿನ. ಅವರ ಭಕ್ತಿಯ ಮೇಲೆ ನಾನು ಮೂರು ಮೇಜು ಹೆಚ್ಚು ಹಾಕಿದ್ದೇನೆ.

ಆದರೆ ನಮ್ಮ ಕುಸುಮನ ಹೊಟ್ಟೆಯ ಮಾತು ಬಂದಾಗ ನನಗೆ ತಮಾಷೆ ಹೊಳೆಯುವುದಿಲ್ಲ. ಸೂಜಿ ಶುರುವಾದ ವರ್ಷ ನಾನು ಊರಿಗೆ ಬಂದಿದ್ದಾಗ ಆದದ್ದು ನೆನಪಿದೆಯಾ? ಬೆಳಿಗ್ಗೆ ಸೂಜಿ ಹಾಕಿಕೊಂಡು, ಗಂಜಿ ಉಣ್ಣದೆ, ಗೆಳತಿಯ ಮನೆಗೆ ಓಡಿದಳು. ಗದ್ದೆಯ ಅಂಚಿನಲ್ಲಿ ಬಿದ್ದಿದ್ದಳು. ಮೈಯೆಲ್ಲ ಬೆವರು, ಕೈಕಾಲು ನಡುಕ, ನನ್ನನ್ನೇ “ಯಾರು ನೀವು?” ಎಂದಳು. ಬಾಯಿಗೆ ಬೆಲ್ಲದ ನೀರು ಬಿಟ್ಟ ಮೇಲೆ ಎದ್ದು ಕೂತಳು. ಖಾಲಿ ಹೊಟ್ಟೆಯಲ್ಲಿ ಆ ಮದ್ದು ಹುಲಿ, ರಾಜೀವಿ.

ಹರಕೆ ಬಿಡು ಎನ್ನಲು ನನಗೆ ಬಾಯಿಲ್ಲ. ಆ ಮನೆಯಲ್ಲಿ ಇರುವವಳು ನೀನು. ಇಷ್ಟು ಮಾಡು. ಮೊದಲು ಕುಂದಾಪುರದ ಡಾಕ್ಟರನ್ನು ಕೇಳು, ಆಮೇಲೆ ದೇವರಿಗೆ ಹೇಳು. ಅವರು ಘಟ್ಟದ ಮೇಲಿನವರಾದರೂ ಹುಡುಗಿಯನ್ನು ಕೈಯಲ್ಲಿ ಹಿಡಿದು ಬದುಕಿಸಿದವರು. ಅವರ ಮಾತನ್ನು ಒಂದಕ್ಷರ ಮೀರಬೇಡ.

ಬೈದು ಆಯಿತು. ಒಳ್ಳೆಯ ಮಾತು ಎಂದರೆ ಸಂಬಂಧ ಒಳ್ಳೆಯದು. ಸೂಜಿಯ ವಿಷಯ ನಾನೇ ಬಂದು ಅವರಿಗೆ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಹೇಳಲೂ ಬೇಡ, ಮುಚ್ಚಲೂ ಬೇಡ.

ಭೋಜ

*

ವಂಡ್ಸೆ
೧೪–೯–೧೯೬೪

ಅಣ್ಣಯ್ಯನಿಗೆ ನಮಸ್ಕಾರ.

ನಾಲ್ಕು ಶನಿವಾರ ಕಳೆಯಿತು. ನೀನು ಹೆದರಿದ ಹಾಗೆ ಏನೂ ಆಗಲಿಲ್ಲ. ಒಂದು ದಿನವೂ ನಡುಕವಿಲ್ಲ, ಬೆವರಿಲ್ಲ. ಶನಿವಾರ ಸಂಜೆ ದೀಪ ಇಡುವಾಗ ಅವಳ ಮುಖ ನೋಡಿ ನನಗೇ ಆಶ್ಚರ್ಯ. ಡಾಕ್ಟರ ಹತ್ತಿರ ಹೋಗಲು ಆಗಲಿಲ್ಲ, ಹೊಳೆ ತುಂಬಿ ದಾಟಲು ಬಿಡಲಿಲ್ಲ. ಆದರೆ ಅವರು ಮೊದಲೇ ಹೇಳಿದ ಮಾತಿದೆಯಲ್ಲ, ಅದನ್ನು ನಾನು ಮೀರಿಲ್ಲ.

ಭಾನುವಾರ ಮಾತ್ರ ಸ್ವಲ್ಪ ಆಯಾಸ. ಏಳುವುದು ತಡ, ವಾಂತಿ ಬಂದ ಹಾಗೆ ಆಗುತ್ತದೆ, ಕೊಡಗಟ್ಟಲೆ ನೀರು ಕುಡಿಯುತ್ತಾಳೆ, ಪದೇ ಪದೇ ಹೊರಗೆ ಹೋಗುತ್ತಾಳೆ. ಜಲಜಕ್ಕ ಹೇಳಿದರು, “ಅದ್ ಮೈಯೊಳ್ಗಿನ್ ನಂಜ್ ಹೊರ್ಗ್ ಹೋಪುದ್ ಮಾರಾಯ್ತಿ, ಹೆದ್ರಬೇಡ. ಹರಕೆ ಹಿಡಿತ್ ಕಾಣ್.” ಸೋಮವಾರಕ್ಕೆ ಸರಿಯಾಗುತ್ತಾಳೆ. ಗಾಜಿನ ನಳಿಗೆಯಲ್ಲಿ ಡಾಕ್ಟರು ಕೊಟ್ಟ ನೀಲಿ ಮದ್ದುನೀರಿಗೆ ಉಚ್ಚೆ ಹನಿಸಿ ಕಾಸಿ ಬಣ್ಣ ನೋಡುವುದನ್ನು ಅವಳೇ ಮಾಡುತ್ತಾಳೆ. ನೀಲಿ ಬಂತು ಅಬ್ಬಿ ಎನ್ನುತ್ತಾಳೆ. ನೀಲಿ ಎಂದರೆ ಸಕ್ಕರೆ ಇಲ್ಲ ಎಂದು ಅಲ್ಲವಾ?

ಇನ್ನೊಂದು. ಈ ಸಲ ಮೂರು ಬಾಟಲಿ ಕಳಿಸಬೇಡ. ಹಿಂದಿನದರಲ್ಲಿ ಅರ್ಧದ ಹತ್ತಿರ ಉಳಿದಿದೆ. ನಿನಗೂ ಅಷ್ಟು ಉಳಿತಾಯ.

ರಾಜೀವಿ

*

ಲಾಲ್‌ಬಾಗ್
೨೧–೯–೧೯೬೪

ರಾಜೀವಿ,

ಹೋಟೆಲಿನಲ್ಲಿ ಹಾಲು ಕಡಿಮೆಯಾದರೆ ನಾನು ಕುಡಿದವನನ್ನು ಹುಡುಕುತ್ತೇನೆ. ಹಾಲು ಹೆಚ್ಚಾದರೆ ನೀರು ಹಾಕಿದವನನ್ನು ಹುಡುಕುತ್ತೇನೆ. ಎರಡನೆಯದಕ್ಕೆ ನನಗೆ ಹೆದರಿಕೆ ಜಾಸ್ತಿ.

ಒಂದು ಬಾಟಲಿ ಹತ್ತು ದಿನಕ್ಕೆ. ಮೂರು ಬಾಟಲಿ ತಿಂಗಳಿಗೆ. ಎರಡು ವರ್ಷದಿಂದ ಹೀಗೆಯೇ ನಡೆದಿದೆ, ಒಂದು ಹನಿ ಉಳಿದದ್ದಿಲ್ಲ. ಈಗ ಅರ್ಧ ಬಾಟಲಿ ಹೇಗೆ ಉಳಿಯಿತು? ಒಡೆದರೆ ಕಡಿಮೆಯಾಗಬೇಕು. ಸೋರಿದರೂ ಕಡಿಮೆಯಾಗಬೇಕು. ಉಳಿಯುವುದು ಒಂದೇ ದಾರಿಯಲ್ಲಿ. ಅರ್ಧಕ್ಕೆ ಚೂರು ಕಡಿಮೆ ಬಾಟಲಿಯನ್ನು ದಿನಕ್ಕೆ ಹಂಚಿದರೆ ನಾಲ್ಕು ದಿನ. ಶನಿವಾರಗಳೂ ನಾಲ್ಕು.

ನಮ್ಮಲ್ಲಿ ಬೆಳಿಗ್ಗೆ ಚಾಕ್ಕೆ ಬರುವ ಪಾರ್ಸಿ ಡಾಕ್ಟರಿಗೆ ನಿನ್ನ ಭಾನುವಾರದ ವಿವರ ಓದಿ ಹೇಳಿದೆ. ಕಪ್ಪು ಕೆಳಗಿಟ್ಟರು. ಈ ಜಾತಿಯ ಸಕ್ಕರೆ ಕಾಯಿಲೆಯವರಿಗೆ ಸೂಜಿಯೇ ಉಸಿರಂತೆ. ಉಪವಾಸವೇ ಬೇಡ ಎಂದರು. ಮಾಡಿಯೇ ತೀರುತ್ತೇವೆ ಎಂದರೆ ಎಷ್ಟು ಕಡಿಮೆ ಮಾಡಬೇಕೆಂದು ಅವಳ ಡಾಕ್ಟರನ್ನೇ ಕೇಳಬೇಕು, ಕಡಿಮೆ ಮಾಡುವುದು ಬೇರೆ, ಬಿಡುವುದು ಬೇರೆ, ಬಿಟ್ಟರೆ ರಕ್ತವೇ ವಿಷವಾಗುತ್ತದೆ ಎಂದರು. ಅವರು ಹೇಳಿದ ರೀತಿ ನನಗೆ ಸೇರಲಿಲ್ಲ. ಕಾಸು ಕೊಡದೆ ಎದ್ದುಹೋದರು, ನಾನೂ ಕೇಳಲಿಲ್ಲ.

ಒಂದೇ ಪ್ರಶ್ನೆ, ಒಂದೇ ಮಾತಿನ ಉತ್ತರ. ಶನಿವಾರ ಸೂಜಿ ಕೊಟ್ಟೆಯಾ, ಇಲ್ಲವಾ? ಈ ಕಾಗದ ಕೈಗೆ ಬಂದ ದಿನವೇ ಬರೆ.

ಭೋಜ

*

(ಕಾರ್ಡು)
೧–೧೦–೧೯೬೪

ರಾಜೀವಿ, ಉತ್ತರ ಬರಲಿಲ್ಲ. ದಿನಾ ಅಂಚೆಯವನ ಮುಖ ನೋಡಿ ನೋಡಿ ಅವನು ಈಗ ನಮ್ಮ ಹೋಟೆಲಿನ ಬಾಗಿಲು ತಪ್ಪಿಸಿ ಹೋಗುತ್ತಾನೆ. ನಿನಗೆ ಸಿಟ್ಟು ಬಂದಿದ್ದರೆ ಸಿಟ್ಟಿನಲ್ಲೇ ಬರೆ. ಕೊಟ್ಟೆ, ಇಲ್ಲ, ಇವೆರಡರಲ್ಲಿ ಒಂದು ಬರೆ. ಭೋಜ

*

ವಂಡ್ಸೆ
೫–೧೦–೧೯೬೪, ಅಮಾವಾಸ್ಯೆ

ಅಣ್ಣಯ್ಯನಿಗೆ,

ಸಿಟ್ಟು ಬಂದದ್ದು ಹೌದು. ಹಾಲಿಗೆ ನೀರು ಹಾಕಿದವಳ ಹಾಗೆ ನನ್ನನ್ನು ಹುಡುಕುತ್ತಿದ್ದೀಯಲ್ಲ! ನಾನು ನನ್ನ ಮಗಳ ಮದ್ದು ಕದಿಯುತ್ತೇನಾ?

ಕೇಳು. ಶನಿವಾರ ಸೂಜಿ ಕೊಡಲಿಲ್ಲ. ಡಾಕ್ಟರೇ ಹೇಳಿದ್ದು ಹಾಗೆ. ಅವಳು ಗದ್ದೆಯಂಚಿನಲ್ಲಿ ಬಿದ್ದ ಮರುದಿನ ನಾನೂ ನೀನೂ ಕುಂದಾಪುರಕ್ಕೆ ಹೋದೆವಲ್ಲ, ನೀನು ಹೊರಗೆ ಬೀಡಿ ಸೇದುತ್ತಿದ್ದೆ, ನಾನು ಒಳಗಿದ್ದೆ. ಡಾಕ್ಟರು ಬೆರಳೆತ್ತಿ ಹೇಳಿದರು: “ತಾಯೀ, ಊಟ ಮಾಡದೆ ಸೂಜಿ ಹಾಕ್ಬೇಡಿ. ಊಟ ಇಲ್ಲದ ದಿನ ಸೂಜಿ ಮುಟ್ಟಲೇಬೇಡಿ.” ಎರಡು ಸಲ ಹೇಳಿಸಿದರು ನನ್ನ ಬಾಯಿಯಿಂದ. ಶನಿವಾರ ಊಟ ಇಲ್ಲವಲ್ಲ, ಉಪವಾಸ. ಅಗುಳು ಮುಟ್ಟುವುದಿಲ್ಲ. ಅವಲಕ್ಕಿ, ಬೆಲ್ಲ, ಕಾಯಿತುರಿ, ಬಾಳೆಹಣ್ಣು, ಸಂಜೆಗೆ ಎರಡು ದೋಸೆ, ಅಷ್ಟೇ. ಊಟ ಇಲ್ಲ, ಸೂಜಿ ಇಲ್ಲ. ಅವರ ಮಾತನ್ನು ಒಂದಕ್ಷರ ಮೀರಬೇಡ ಎಂದು ನೀನೇ ಬರೆದದ್ದು ಇಲ್ಲೇ ನನ್ನ ಮುಂದಿದೆ. ಹುಡುಗಿಯ ಮುಖ ನೋಡದ ನಿನ್ನ ಪಾರ್ಸಿಯ ಮಾತು ಕೇಳಲಾ, ಬದುಕಿಸಿದವರ ಮಾತು ಕೇಳಲಾ?

ನಾಳೆಯಿಂದ ನವರಾತ್ರಿ. ಒಂಬತ್ತು ದಿನ ಊಟ ಇಲ್ಲ. ಒಂಬತ್ತು ದಿನ ಸೂಜಿಯೂ ಇಲ್ಲ. ಹತ್ತನೆಯ ದಿನ ಆ ಸೂಜಿಯೇ ಬೇಡ ಎನ್ನುವ ಹಾಗೆ ಅಮ್ಮ ಮಾಡುತ್ತಾಳೆ ನೋಡು. ಕುಸುಮ ಅವಲಕ್ಕಿ ಕೇರುತ್ತಿದ್ದಾಳೆ. ನಿನಗೆ ನಮಸ್ಕಾರ ತಿಳಿಸಲು ಹೇಳಿದಳು.

ರಾಜೀವಿ

*

ತಂತಿ ಆಫೀಸು, ಮುಂಬಯಿ
೯–೧೦–೧೯೬೪, ಶುಕ್ರವಾರ

ರಾಜೀವೀ,

ನಿನ್ನ ಕಾಗದ ಈಗ ಸಿಕ್ಕಿತು. ಇವತ್ತು ನಾಲ್ಕನೆಯ ದಿನ. ನಿನಗೊಂದು, ಡಾಕ್ಟರಿಗೊಂದು ತಂತಿ ಕೊಟ್ಟಿದ್ದೇನೆ. ಹತ್ತು ಗಂಟೆಗೆ ರೈಲು. ಈ ಕಾಗದ ನನಗಿಂತ ಹಿಂದೆ ಬರುತ್ತದೆ ಎಂದು ಗೊತ್ತು, ಆದರೂ ಬರೆಯುತ್ತೇನೆ. ಕೈ ಸುಮ್ಮನಿರುವುದಿಲ್ಲ.

ಊಟ ಎಂದರೆ ಅನ್ನ ಅಲ್ಲ, ರಾಜೀವಿ. ಡಾಕ್ಟರ ಊಟ ನಮ್ಮ ಊಟ ಅಲ್ಲ. ಅವರ ಕಡೆ ಮುದ್ದೆ ನುಂಗಿದರೂ ಊಟ, ರೊಟ್ಟಿ ತಿಂದರೂ ಊಟ. ಹೊಟ್ಟೆಗೆ ಏನು ಬಿದ್ದರೂ ಊಟ. ನಮ್ಮಲ್ಲಿ ಎಂಟು ದೋಸೆ ತಿಂದವನೂ ಕೈ ತೊಳೆದು “ಇನ್ನೂ ಊಟ ಆಯಿಲ್ಲೆ” ಎನ್ನುತ್ತಾನೆ. ಅವರು ಹೇಳಿದ್ದು ಹೊಟ್ಟೆ ಪೂರಾ ಖಾಲಿ ಇದ್ದ ದಿನದ ಮಾತು. ನೀನು ಅವಳಿಗೆ ಅವಲಕ್ಕಿ ಕೊಟ್ಟೆ, ಬೆಲ್ಲ ಕೊಟ್ಟೆ, ಹಣ್ಣು ಕೊಟ್ಟೆ, ಸೂಜಿಯೊಂದನ್ನು ಕೊಡಲಿಲ್ಲ. ಆ ಬೆಲ್ಲ ಎಲ್ಲಿಗೆ ಹೋಗಬೇಕು? ನನ್ನ ಹೋಟೆಲಿನ ಬೋರ್ಡಿನಲ್ಲಿಯೇ “ಉಪವಾಸದ ತಿಂಡಿ” ಎಂದು ಬರೆಸಿದ್ದೇನೆ! ಬೇರೆಯವರ ಉಪವಾಸವನ್ನು ತಟ್ಟೆ ಲೆಕ್ಕದಲ್ಲಿ ಮಾರಿದವನಿಗೆ ಮನೆಯ ಉಪವಾಸದಲ್ಲಿ ಏನಿದೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

ಅಮ್ಮನಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ಸೂಜಿ ಕೊಡು. ಮಡಕೆ ಅಗೆದು ಬಾಟಲಿ ತೆಗೆದು ಸೂಜಿ ಕೊಡು. ಕೊಟ್ಟಿದ್ದೀ ಎಂದು ಯಾರಾದರೂ ಈ ರೈಲಿನಲ್ಲಿ ನನಗೆ ಹೇಳಬಾರದಾ!

ಭೋಜ

*

ಕುಂದಾಪುರ
೧೧–೧೦–೧೯೬೪

(ಈ ಕಾಗದ ಮುಂಬಯಿಗೆ ಬಂದಾಗ ನಾನು ಅಲ್ಲಿರಲಿಲ್ಲ. ಹಿಂದೆ ಹೋದ ಮೇಲೆ ಓದಿದೆ. — ಭೋ. ಶೆ.)

ಅಣ್ಣಯ್ಯಾ,

ಡಾಕ್ಟರ ಮನೆಯ ಹೊರಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಕುಸುಮ ಇದ್ದಾಳೆ. ಕಣ್ಣು ಅರ್ಧ ತೆರೆದಿದೆ, ನನ್ನನ್ನು ಕಾಣುವುದಿಲ್ಲ. ಉಸಿರು ಮಾತ್ರ ಮರ ಕೊಯ್ಯುವವರ ಹಾಗೆ, ದೊಡ್ಡದು, ದೊಡ್ಡದು.

ಬುಧವಾರ ವಾಂತಿ ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ಮಲಗಿದಳು. ಗುರುವಾರ ಅವಳ ಬಾಯಿಯಿಂದ ಹಣ್ಣಿನ ವಾಸನೆ ಬಂತು ಅಣ್ಣಯ್ಯಾ, ಕಳಿತ ಹಣ್ಣಿನದು. ಕೋಣೆಯೆಲ್ಲ ಪರಿಮಳ. ಜಲಜಕ್ಕ ಬಂದವರು ಹೊಸ್ತಿಲಲ್ಲೇ ನಿಂತು ಕೈಮುಗಿದರು. “ಹಣ್ಣ್ ತಿಂದದ್ದಲ್ಲ ಇದ್, ಅಮ್ಮನೇ ಬಂದಳ್ ಕಾಣ್. ಪ್ರಸಾದದ್ ಪರಿಮಳ!” ಎಂದರು. ನಾನು ದೀಪ ಹಚ್ಚಿದೆ. ಊದುಬತ್ತಿ ಹಚ್ಚಿದೆ. ನನ್ನ ಮಗಳು ಒಳಗೆ ಕೊಳೆಯುತ್ತಿದ್ದಳು, ನಾನು ಅವಳ ಕಾಲಿಗೆ ನಮಸ್ಕಾರ ಮಾಡಿದೆ.

ನಿನ್ನೆ ಬೆಳಿಗ್ಗೆ ಅಂಚೆಯ ತಿಮ್ಮ ಅಂಗಳದಿಂದಲೇ ಕೂಗಿದ, “ಹ್ವಾಯ್ ರಾಜೀವಕ್ಕಾ, ತಂತಿ ಬಂದಿತ್ ಕಾಣಿ!” ತಂತಿ ಎಂದರೆ ಸಾವಲ್ಲದೆ ಮತ್ತೇನು? ಅವನಿಗೆ ಇಂಗ್ಲಿಷು ಬಾರದು, ನನಗೂ ಬಾರದು. ನೀನು ಹೋದೆ ಎಂದುಕೊಂಡೆ. ಅಂಗಳದಲ್ಲಿ ಬಿದ್ದು ನಿನ್ನ ಹೆಸರು ಹಿಡಿದು ಅತ್ತೆ. ನೆರೆಕರೆಯವರೆಲ್ಲ ಸೇರಿ ನಿನಗಾಗಿ ಅಳುತ್ತಿದ್ದಾಗ ಡಾಕ್ಟರ ಕಾರು ಬಂತು. ಅವರು ಯಾರನ್ನೂ ಕೇಳಲಿಲ್ಲ, ನೇರ ಒಳಗೆ ಹೋಗಿ ಅವಳ ಬಾಯಿ ಮೂಸಿ ನೋಡಿದರು. “ಎಷ್ಟು ದಿನ ಆಯ್ತು ತಾಯೀ ಸೂಜಿ ಕೊಡದೆ?” ಎಂದರು. “ನೀವೇ ಹೇಳಿದಿರಲ್ಲ” ಎಂದೆ. ಅವರ ಮುಖ ನೋಡಲು ಆಗಲಿಲ್ಲ.

ಈಗ ಗಂಟೆಗೊಂದು ಸೂಜಿ ಚುಚ್ಚುತ್ತಿದ್ದಾರೆ. ಯಾವುದನ್ನು ಬಿಡಿಸು ಎಂದು ಬೇಡಿದೆನೋ ಅದನ್ನೇ. ಪ್ರತಿ ಸಲ ಅವರು ಒಳಗೆ ಹೋದಾಗ ನಾನು ಇಲ್ಲಿ ಕೈಮುಗಿಯುತ್ತೇನೆ. ದೇವಿಗೋ ಸೂಜಿಗೋ ನನಗೇ ಗೊತ್ತಿಲ್ಲ.

ಡಾಕ್ಟರು ತಂತಿ ಓದಿ ಹೇಳಿದರು, ನೀನು ಬದುಕಿದ್ದೀಯಲ್ಲ. ಬೇಗ ಬಾ. ಅವಳು ಹೋದರೆ ನನ್ನನ್ನು ಒಬ್ಬಳೇ ವಂಡ್ಸೆಗೆ ಕಳಿಸಬೇಡ.

ರಾಜೀವಿ

*

ವಂಡ್ಸೆ
೩–೧೧–೧೯೬೪

ಮಾವಯ್ಯನಿಗೆ ಕುಸುಮಾವತಿಯ ನಮಸ್ಕಾರ.

ನೀವು ಮುಂಬಯಿಗೆ ಹಿಂದಿರುಗಿ ಎರಡು ವಾರವಾಯಿತು. ನಾನು ಈಗ ಅಂಗಳದವರೆಗೆ ನಡೆಯುತ್ತೇನೆ. ಸೂಜಿ ನಾನೇ ಹಾಕಿಕೊಳ್ಳುತ್ತೇನೆ; ಅಬ್ಬಿ ಎದುರು ಕೂತು, ಮದ್ದು ಪೂರಾ ಒಳಗೆ ಹೋಗುವವರೆಗೆ ಉಸಿರು ಬಿಡುವುದಿಲ್ಲ.

ನೀವು ಇಲ್ಲಿದ್ದಾಗ ಹೇಳದ ಒಂದು ಮಾತು ಬರೆಯುತ್ತೇನೆ. ನಳಿಗೆಯಲ್ಲಿ ನೀಲಿ ಬರಲಿಲ್ಲ ಮಾವಯ್ಯ. ಶನಿವಾರವೂ ಬರಲಿಲ್ಲ, ಭಾನುವಾರವೂ ಬರಲಿಲ್ಲ. ಇಟ್ಟಿಗೆಯ ಕೆಂಪು ಬರುತ್ತಿತ್ತು. ನೋಡಿದ ಕೂಡಲೇ ಬಾಳೆಯ ಬುಡಕ್ಕೆ ಚೆಲ್ಲಿ, ನೀಲಿ ಅಬ್ಬಿ ಎನ್ನುತ್ತಿದ್ದೆ. ಸೂಜಿ ಬಿಡಬೇಕೆಂದು ಅಬ್ಬಿಗಿಂತ ಹೆಚ್ಚು ಆಸೆ ನನಗಿತ್ತು. ಕೊಕ್ಕರ್ಣೆಯವರನ್ನು ನಾನು ಕಂಡದ್ದೂ ಇಲ್ಲ. ಆದರೆ ಯಾವುದೋ ಒಂದು ಮನೆಯಲ್ಲಿ, ಬೆಳಿಗ್ಗೆ ಎದ್ದು, ಯಾರಿಂದಲೂ ಏನನ್ನೂ ಅಡಗಿಸದೆ, ಎಲ್ಲರ ಹಾಗೆ ಮೊದಲು ಒಂದು ಲೋಟ ಚಾ ಕುಡಿಯಬೇಕು ಎಂದು ನೆನೆಸಿಕೊಳ್ಳುತ್ತಿದ್ದೆ. ಅಷ್ಟೇ.

ಅವರು ಈಗ ಬೇಡ ಎಂದಿದ್ದಾರೆ. ಜಲಜಕ್ಕ ಬಂದು ಹೇಳಿಹೋದರು, ತಲೆಯೆತ್ತಲಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ಅಬ್ಬಿಯದು. ಒಂಬತ್ತರಲ್ಲಿ ನಾಲ್ಕೇ ದಿನ ಆಯಿತು, ಐದು ದಿನ ಬಾಕಿ, ಅಮ್ಮ ಬಾಕಿ ಬಿಡುವವಳಲ್ಲ, ಮಗಳನ್ನು ಇನ್ನೊಂದು ಸಲ ಕೇಳುತ್ತಾಳೆ ಎನ್ನುತ್ತಾಳೆ. ಮೊನ್ನೆ ನಾನು ಉಣ್ಣುವಾಗ ತಟ್ಟೆ ಎಳೆದುಕೊಂಡಳು. “ಐದೇ ದಿನ ಹೆಣ್ಣೇ. ಸೂಜಿ ಹಾಕುವ, ಅನ್ನ ಮಾತ್ರ ಬೇಡ” ಎಂದಳು. ಮತ್ತೆ ಅವಳೇ ತಟ್ಟೆ ಮುಂದಕ್ಕೆ ತಳ್ಳಿ ಅತ್ತಳು. ಅವಳು ಉಣ್ಣುವುದು ಬಿಟ್ಟು ಮೂರು ದಿನ ಆಯಿತು. ಡಾಕ್ಟರು ಹೇಳಿದರೆ ತಲೆಯಾಡಿಸುತ್ತಾಳೆ, ಅವರ ಮಾತು ಕೇಳಿಯೇ ಹೀಗಾಯಿತಲ್ಲ ಎಂದು ಒಳಗೊಳಗೆ ಹೆದರುತ್ತಾಳೆ. ನನಗೆ ಸಾಯಲು ಹೆದರಿಕೆ ಇಲ್ಲ ಎಂದುಕೊಂಡಿದ್ದೆ, ಈಗ ಇದೆ. ನಾನು ಸತ್ತರೆ ಅಬ್ಬಿ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಾಳೆ. ಏನಾದರೂ ಮಾಡಿ ಮಾವಯ್ಯ.

ಕುಸುಮ

*

ಲಾಲ್‌ಬಾಗ್
೯–೧೧–೧೯೬೪

ರಾಜೀವಿ,

ಬಾಕಿಯ ವಿಷಯ ನನಗೆ ಬಿಡು. ಹನ್ನೊಂದನೆಯ ವಯಸ್ಸಿಗೆ ತಪ್ಪಲೆ ತೊಳೆಯಲು ಬಂದವನು ನಾನು; ಬಾಕಿ ಹೇಗೆ ತೀರಿಸುವುದೆಂದು ಕಲಿತೇ ಗಲ್ಲಾದ ಮೇಲೆ ಕೂತದ್ದು.

ಹರಕೆ ಹೇಳಿದವಳು ನೀನು. ಹರಕೆ ಮನೆಯದ್ದು. ಮನೆಯ ಹರಕೆಯನ್ನು ಮನೆಯ ಯಾರು ತೀರಿಸಿದರೂ ನಡೆಯುತ್ತದೆ. ನಮ್ಮ ಅಜ್ಜಿಯ ಕಾಲುನೋವಿನ ಹರಕೆಗೆ ಕಿಟ್ಟಮಾವ ಕೊಲ್ಲೂರಿಗೆ ನಡೆದದ್ದು ಮರೆತೆಯಾ? ಬಾಕಿ ಐದು ದಿನ ನನ್ನದು. ಬರುವ ಶುಕ್ರವಾರದಿಂದ ಐದು ಶುಕ್ರವಾರ. ಅವಲಕ್ಕಿ ಬಾಳೆಹಣ್ಣಿನ ಉಪವಾಸವಲ್ಲ, ಬರೀ ನೀರು. ಕುಸುಮನ ತೂಕ, ನನ್ನ ತೂಕ ನೋಡಿದರೆ ಅಮ್ಮನಿಗೂ ಈ ವ್ಯವಹಾರದಲ್ಲಿ ಲಾಭವೇ.

ಇನ್ನು ನಿನ್ನ ಪಾಲು. ಡಾಕ್ಟರು ಹೇಳಿದ್ದನ್ನು ನಾನು ಈ ಸಲ ಬೀಡಿ ಸೇದದೆ ಕೂತು ಕೇಳಿದ್ದೇನೆ. ಸೂಜಿ ಒಂದು ದಿನವೂ ತಪ್ಪಬಾರದು, ಜ್ವರ ಬರಲಿ, ಹಬ್ಬ ಬರಲಿ. ತಿನ್ನುವುದು ಕಡಿಮೆಯಾಗುವ ದಿನ ಸೂಜಿ ಎಷ್ಟು ಎಂದು ಮುಂಚೆಯೇ ಅವರನ್ನು ಕೇಳಿ ಬರಬೇಕು. ನಡುಕ ಬಂದರೆ ಬೆಲ್ಲ, ಹರಕೆಯ ದಿನವಾದರೂ ಬೆಲ್ಲ. ಅವಳ ಸೆರಗಿನಲ್ಲಿ ಒಂದು ತುಂಡು ಯಾವಾಗಲೂ ಇರಲಿ. ವಾಂತಿ ಬಂದರೆ, ಹಣ್ಣಿನ ವಾಸನೆ ಬಂದರೆ, ದೀಪ ಹಚ್ಚಬೇಡ, ಕಾರಿಗೆ ಹೇಳಿಕಳಿಸು. ಅವಳಿಗೆ ಇನ್ನು ಮುಂದೆ ಉಪವಾಸವಿಲ್ಲ.

ನಮ್ಮ ಮನೆಯಲ್ಲಿ ಇನ್ನು ಬಾಯಿಗೆ ಬಿದ್ದದ್ದೆಲ್ಲ ಊಟ. ಬಾಳೆಹಣ್ಣು ತಿಂದರೂ ಊಟ ಮಾಡಿದೆ ಎಂದೇ ಹೇಳಬೇಕು. ಊರವರು ನಗಲಿ. ಮತ್ತೆ ನೀನು ಇವತ್ತು ಉಣ್ಣು. ನೀನು ಉಂಡ ಕಾಗದ ಬರುವವರೆಗೆ ನನ್ನ ಉಪವಾಸಕ್ಕೆ ಲೆಕ್ಕ ಸೇರುವುದಿಲ್ಲ.

ಭೋಜ

*

ವಂಡ್ಸೆ
೨೧–೧೧–೧೯೬೪

ಅಣ್ಣಯ್ಯಾ,

ಉಂಡೆ.

ನಿನ್ನೆ ಶುಕ್ರವಾರ, ನೀನು ಅಲ್ಲಿ ವಡೆಯ ಎಣ್ಣೆಯ ವಾಸನೆಯಲ್ಲಿ ಬರೀ ನೀರು ಕುಡಿದು ಕೂತಿದ್ದೀ ಎಂದು ನೆನೆದು ನಗು ಬಂತು, ಅಳುವೂ ಬಂತು. ಜಲಜಕ್ಕ ಬಂದಿದ್ದರು. ಕುಸುಮ ಸೂಜಿ ಹಾಕಿಕೊಂಡು ಒಳಗೆ ಕೂತಿದ್ದಳು. “ಎಂತ ಮಾಡ್ತಾ ಇತ್ತ್ ಹುಡ್ಗಿ?” ಎಂದು ಕೇಳಿದರು. ನಾನು ಹೇಳಿದೆ: “ಅವಲಕ್ಕಿ ಊಟ ಮಾಡ್ತಾ ಇತ್ತ್.” ಅವರು ನನ್ನ ಮುಖ ನೋಡಿದರು. ನಾನು ಇನ್ನೊಂದು ಸಲ ಹೇಳಿದೆ.

ರಾಜೀವಿ

*

ಕಡೆಯ ಹಾಳೆ
೧೨–೧೨–೧೯೬೪

ಡಾಕ್ಟರ್ ಸಾಹೇಬರೇ,

ನಿನ್ನೆಗೆ ಐದು ಶುಕ್ರವಾರ ಮುಗಿಯಿತು. ಎರಡನೆಯ ಶುಕ್ರವಾರ ಗಲ್ಲಾದಲ್ಲಿ ಚಿಲ್ಲರೆ ತಪ್ಪಿ ಕೊಟ್ಟೆ, ಮೂರನೆಯದರಲ್ಲಿ ಅಡಿಗೆಯವನಿಗೆ ಕಾರಣವಿಲ್ಲದೆ ಬೈದೆ, ನಾಲ್ಕನೆಯದರಲ್ಲಿ ಒಂದು ವಡೆಗಾಗಿ ಅವನ ಕಾಲು ಹಿಡಿಯುವುದೊಂದು ಬಾಕಿ. ಸಂಜೆಯಾದ ಹಾಗೆ ತಲೆ ತಿರುಗುವಾಗ ಪ್ರತಿ ಸಲ ಗದ್ದೆಯಂಚಿನ ಹುಡುಗಿ ಕಣ್ಣಿಗೆ ಬರುತ್ತಿದ್ದಳು. ನನಗೆ ಬೇಕೆನಿಸಿದಾಗ ಒಂದು ವಡೆ ಕೈಗೆ ಸಿಗುತ್ತದೆ. ಅವಳಿಗೆ ಜನ್ಮವಿಡೀ ಎರಡೂ ಕಡೆ ಕಂದಕ: ಈ ಕಡೆ ಕಾಲಿಟ್ಟರೆ ನಡುಕ, ಆ ಕಡೆ ಇಟ್ಟರೆ ಹಣ್ಣಿನ ವಾಸನೆ. ನಡುವಿನ ಅಂಚಿನ ಮೇಲೆ ದಿನಾ ನಡೆಯಬೇಕು, ಹಬ್ಬದ ದಿನವೂ. ಅದು ತೀರುವ ಬಾಕಿಯಲ್ಲ.

ಖರ್ಚಿನಲ್ಲಿ ಉಳಿಸಿದ್ದ ಬಾಬತ್ತು ಇದು: ಒಂದು ಶಬ್ದದ ಹಳೆಯ ಅರ್ಥ. ಅಪ್ಪ, ಅಜ್ಜ, ಅವರಜ್ಜ ಊಟ ಎಂದರೆ ಅನ್ನ ಎಂದುಕೊಂಡೇ ಹೋದರು. ನಮ್ಮ ಮನೆಯಲ್ಲಿ ಇನ್ನು ಅದು ಹಾಗಿಲ್ಲ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ಕೊಲ್ಲೂರಮ್ಮನಿಗೆ ಒಂಬತ್ತೂ ದಿನ ಸಂದವು, ನಾಲ್ಕು ಹುಡುಗಿಯದು, ಐದು ದಪ್ಪ ಮಾವನದು. ಕೊಕ್ಕರ್ಣೆಯ ಹುಡುಗನಿಗೆ ಸಾಸ್ತಾನದ ಹೆಣ್ಣು ಸಿಕ್ಕಿತಂತೆ. ಜಲಜಕ್ಕನಿಗೆ ಎರಡು ಮನೆಗೂ ಮುಖ ತೋರಿಸಲಾಗದೆ ಸುತ್ತು ದಾರಿ ಸಿಕ್ಕಿತು. ನಿಮಗೆ ಒಂದು ಹೊಸ ಪ್ರಶ್ನೆ ಸಿಕ್ಕಿತು: ಈಗ ನೀವು ರೋಗಿಗಳನ್ನು “ಊಟ ಆಯ್ತಾ?” ಎಂದು ಕೇಳುವುದಿಲ್ಲವಂತೆ, “ಬಾಯಿಗೆ ಏನೇನು ಹಾಕಿದಿರಿ?” ಎಂದು ಕೇಳುತ್ತೀರಂತೆ, ಕುಸುಮ ಬರೆದಿದ್ದಾಳೆ. ನನಗೆ ಸೊಂಟದಲ್ಲಿ ಎರಡು ಬೆರಳು ಜಾಗ ಸಿಕ್ಕಿತು. ರಾಜೀವಿಗೆ ಮಗಳು ಸಿಕ್ಕಿದಳು, ಸೂಜಿಯ ಸಮೇತ.

ಕುಸುಮಾವತಿಗೆ ನಾಳೆ ಬೆಳಿಗ್ಗೆ ಒಂದು ಸೂಜಿ, ಅದರ ಹಿಂದೆ ಒಂದು ಊಟ.

ಭೋಜ ಶೆಟ್ಟಿ